ಹತ್ತು ಮಂದಿಗಾಗಿ ಕಾದಿರುವ ಮನೆ

ಎರ್ನಾಕುಲಂನಿಂದ ಉತ್ತರಕ್ಕೆ ಹೊರಟ ಬಸ್ಸು ನಗರದ ಗದ್ದಲ ದಾಟಿದ ಮೇಲೆ ಸೇತುವೆಯ ಹಿಂದೆ ಸೇತುವೆಯನ್ನು ಹಾಯುತ್ತಾ ಹೋಗುತ್ತದೆ. ಎಲ್ಲಿ ನೋಡಿದರೂ ಹಿನ್ನೀರು, ತೆಂಗು, ಹೆಂಚಿನ ಮನೆಗಳು. ಸುಮಾರು 25 ಕಿಲೋಮೀಟರ್ ದೂರದ ಉತ್ತರ ಪರವೂರಿನಲ್ಲಿ ಇಳಿದು ಪೇಟೆಯ ಕಡೆಗೆ ನಡೆದರೆ ಒಂದು ಹಳೆಯ ಬೀದಿ ಸಿಗುತ್ತದೆ. ಊರವರು ಅದನ್ನು ಇಂದಿಗೂ ಯಹೂದಿಗಳ ಬೀದಿ ಎಂದೇ ಕರೆಯುತ್ತಾರೆ. ಬೀದಿಯ ಮಗ್ಗುಲಲ್ಲೇ ಸುಣ್ಣ ಬಳಿದ ಉದ್ದನೆಯ ಗೋಡೆ, ಮಧ್ಯದಲ್ಲಿ ಉಪ್ಪರಿಗೆಯಿರುವ ಹೆಬ್ಬಾಗಿಲು. ಶಿಖರವಿಲ್ಲ, ಗುಮ್ಮಟವಿಲ್ಲ, ಗೋಪುರವಿಲ್ಲ. ಮೊದಲ ಸಲ ನೋಡಿದವರು ಇದು ಯಾವುದೋ ಅನುಕೂಲಸ್ಥರ ಹಳೆಯ ಮನೆ ಎಂದುಕೊಂಡರೆ ಆಶ್ಚರ್ಯವಿಲ್ಲ.

ಇದು ಪರವೂರಿನ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ. ಇದನ್ನು 1616ರಲ್ಲಿ ಕಟ್ಟಿಸಿದವನು ದಾವೀದ್ ಕಾಸ್ತಿಯೇಲ್. ಕೊಚ್ಚಿಯ ಅರಸರು ಯಹೂದಿ ಸಮುದಾಯದ ಮುಖಂಡನಿಗೆ ‘ಮುದಲಿಯಾರ್’ ಎಂಬ ಪದವಿ ಕೊಡುತ್ತಿದ್ದರು. ಕಾಸ್ತಿಯೇಲ್ ಅಂಥ ಮುದಲಿಯಾರನಾಗಿದ್ದ. ಸುಮಾರು ಮೂರೂವರೆ ಶತಮಾನ ಕಾಲ ಪ್ರಾರ್ಥನೆ ನಡೆದ ಈ ಮನೆ ಆಮೇಲೆ ಬಾಗಿಲು ಹಾಕಿಕೊಂಡಿತು, ಶಿಥಿಲವಾಯಿತು. ಕೇರಳ ಸರ್ಕಾರ ತನ್ನ ಮುಜಿರಿಸ್ ಪರಂಪರಾ ಯೋಜನೆಯಲ್ಲಿ 2010ರ ದಶಕದ ಆರಂಭದಲ್ಲಿ ಅದನ್ನು ದುರಸ್ತಿ ಮಾಡಿಸಿ, ಕೇರಳದ ಯಹೂದಿಗಳ ಜೀವನವನ್ನು ತೋರಿಸುವ ವಸ್ತುಸಂಗ್ರಹಾಲಯವನ್ನಾಗಿ ತೆರೆಯಿತು.

ಸಾಮಾನ್ಯವಾಗಿ ವಸ್ತುಸಂಗ್ರಹಾಲಯಗಳಲ್ಲಿ ಎಲ್ಲಿಂದಲೋ ತಂದ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಇಲ್ಲಿ ಮನೆಯೇ ಮುಖ್ಯ ವಸ್ತು. ಅದನ್ನು ಓದಲು ಕಲಿತರೆ ಅದರಲ್ಲಿದ್ದವರ ಇತಿಹಾಸ, ಕಲೆ, ಊಟ, ಹಾಡು, ಜಗಳ, ಎಲ್ಲವೂ ಸಿಗುತ್ತವೆ.

ಕೇರಳದ ಗೋಡೆ, ಜೆರುಸಲೇಮಿನ ದಿಕ್ಕು

ಹೆಬ್ಬಾಗಿಲು ದಾಟಿದೊಡನೆ ಪ್ರಾರ್ಥನೆಯ ಕೋಣೆ ಎದುರಾಗುವುದಿಲ್ಲ. ಮೊದಲು ಅಂಗಳ, ಆಮೇಲೆ ಕಂಬಗಳ ಸಾಲಿನ ನಡುವಿನ ಉದ್ದನೆಯ ಮಾಡಿನ ಹಾದಿ, ಆಮೇಲೆ ಒಂದು ಮುಖಮಂಟಪ, ಕೊನೆಗೆ ಒಳಮಂದಿರ. ಬೀದಿಯ ಸದ್ದು ಹೆಜ್ಜೆಹೆಜ್ಜೆಗೂ ಕಡಿಮೆಯಾಗುತ್ತದೆ. ಕೇರಳದ ದೇವಸ್ಥಾನಗಳಲ್ಲೂ ಹಳೆಯ ತರವಾಡು ಮನೆಗಳಲ್ಲೂ ಇದೇ ಕ್ರಮವುಂಟು. ಒಳಗೆ ಹೋಗುವ ಮೊದಲು ಪಾದರಕ್ಷೆ ಕಳಚುವುದು ಕೇರಳದ ಯಹೂದಿಗಳ ರೂಢಿ. ಬೇರೆ ದೇಶಗಳ ಹೆಚ್ಚಿನ ಸಿನಗಾಗ್‌ಗಳಲ್ಲಿ ಈ ರೂಢಿಯಿಲ್ಲ. ನೆರೆಹೊರೆಯವರಿಂದ ಕಲಿತದ್ದು ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಗೋಡೆಗಳು ಮುರಕಲ್ಲಿನವು. ನಮ್ಮ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತಿರುವ ಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಒಡ್ಡಿದಂತೆ ಅದರಲ್ಲಿರುವ ಕಬ್ಬಿಣದ ಆಕ್ಸೈಡುಗಳು ಬಿಗಿದುಕೊಂಡು ಗಟ್ಟಿಯಾಗುತ್ತದೆ. ಆದರೆ ಅದರ ಮೈತುಂಬ ರಂಧ್ರಗಳು. ಸುಣ್ಣದ ಗಾರೆ ಕಿತ್ತುಹೋಗಿ ಮಾಡು ಸೋರತೊಡಗಿದರೆ ನೀರು ಹೀರಿಕೊಂಡು ಸವೆಯುತ್ತದೆ. ಮಳೆನಾಡಿನಲ್ಲಿ ಮನೆಯನ್ನು ಉಳಿಸುವುದು ಗೋಡೆಗಿಂತ ಹೆಚ್ಚಾಗಿ ಮಾಡು. ವರ್ಷಕ್ಕೊಮ್ಮೆ ಹೆಂಚು ಸರಿಮಾಡುವ ಕೈಗಳಿಲ್ಲದ ಮನೆ ಹೆಚ್ಚು ಕಾಲ ನಿಲ್ಲುವುದಿಲ್ಲ.

ಒಳಮಂದಿರದ ಮಧ್ಯದಲ್ಲಿ ಕಟಾಂಜನವಿರುವ ಎತ್ತರದ ಪೀಠವೊಂದಿದೆ. ಇದಕ್ಕೆ ‘ತೇವಾ’ ಎಂದು ಹೆಸರು. ಧರ್ಮಗ್ರಂಥವಾದ ತೋರಾವನ್ನು ಓದುವುದು ಇಲ್ಲಿಂದ. ಎದುರಿನ ಗೋಡೆಗೆ ಒರಗಿದಂತೆ ಬಣ್ಣ ಹಚ್ಚಿದ ಕೆತ್ತನೆಯ ಮರದ ಕಪಾಟು. ತೋರಾದ ಸುರುಳಿಗಳು ಇರುತ್ತಿದ್ದದ್ದು ಇದರೊಳಗೆ. ಕಪಾಟು ಜೆರುಸಲೇಮಿನ ದಿಕ್ಕಿಗೆ, ಎಂದರೆ ಪಶ್ಚಿಮಕ್ಕೆ ಇದೆ. ಯೂರೋಪಿನ ಯಹೂದಿಗಳು ಪೂರ್ವಕ್ಕೆ ಮುಖ ಮಾಡಿ ಪ್ರಾರ್ಥಿಸಿದರೆ ಕೇರಳದವರು ಪಶ್ಚಿಮಕ್ಕೆ ಮುಖ ಮಾಡುತ್ತಾರೆ. ಊರು ಒಂದೇ, ನಿಂತ ಜಾಗ ಬೇರೆ. ದಿಕ್ಕು ಎಂಬುದು ನೋಡುವವನ ನೆಲೆಯನ್ನು ಅವಲಂಬಿಸಿದ್ದು ಎಂಬ ಭೂಗೋಳದ ಪಾಠಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಸಿಗುವುದು ಕಷ್ಟ.

ತಲೆಯೆತ್ತಿ ನೋಡಿದರೆ ಉಪ್ಪರಿಗೆಯ ಅಂಚಿನಲ್ಲಿ ಎರಡನೆಯ ತೇವಾ ಕಾಣುತ್ತದೆ. ಇದು ಕೇರಳದ ಸಿನಗಾಗ್‌ಗಳ ವಿಶೇಷ. ಸಬ್ಬತ್ ಮತ್ತು ಹಬ್ಬದ ದಿನಗಳಲ್ಲಿ ಗಂಡಸರು ಮೇಲೇರಿ ಅಲ್ಲಿಂದ ತೋರಾ ಓದುತ್ತಿದ್ದರು. ಅದರ ಹಿಂದೆ ಜಾಲಂಧ್ರದ ಮರೆಯಲ್ಲಿ ಹೆಂಗಸರು ಕೂರುತ್ತಿದ್ದರು. ಅವರು ಹತ್ತಿ ಬರಲು ಬೇರೆಯದೇ ಮೆಟ್ಟಿಲಿತ್ತು. ಹೆಂಗಸರು ಮರೆಯಲ್ಲಿದ್ದರು ಎಂಬುದು ನಿಜ. ಹಬ್ಬದ ದಿನ ಗ್ರಂಥದ ಓದು ಅವರ ಪಕ್ಕದಲ್ಲೇ ನಡೆಯುತ್ತಿತ್ತು ಎಂಬುದೂ ನಿಜ.

ಒಂದು ಅಕ್ಷರ ತಪ್ಪಿದರೆ

ತೋರಾದ ಸುರುಳಿಯನ್ನು ಅಚ್ಚು ಹಾಕುವಂತಿಲ್ಲ. ಹದ ಮಾಡಿದ ಚರ್ಮದ ಹಾಳೆಗಳ ಮೇಲೆ ಲೇಖನಿಯಿಂದ ಕೈಯಲ್ಲೇ ಬರೆಯಬೇಕು. ಅದರಲ್ಲಿರುವ ಅಕ್ಷರಗಳು 3,04,805. ಒಂದು ಅಕ್ಷರ ಅಳಿಸಿದ್ದರೂ ತಪ್ಪಿದ್ದರೂ ತಿದ್ದುವ ತನಕ ಆ ಸುರುಳಿಯನ್ನು ಪೂಜೆಯಲ್ಲಿ ಓದುವಂತಿಲ್ಲ. ನಕಲು ಮಾಡುವವರಿಗೆ ಇಷ್ಟು ಕಟ್ಟುನಿಟ್ಟು ಇದ್ದುದರಿಂದಲೇ ಸಾವಿರಾರು ಮೈಲಿ ದೂರದ ಊರುಗಳಲ್ಲೂ ಒಂದೇ ಪಾಠ ಉಳಿದುಬಂತು. ಕೇರಳದಲ್ಲಿ ಸುರುಳಿಯನ್ನು ಬೆಳ್ಳಿಯ ಅಥವಾ ಹಿತ್ತಾಳೆಯ ತಗಡು ಹೊದಿಸಿದ ದುಂಡನೆಯ ಮರದ ಪೆಟ್ಟಿಗೆಯಲ್ಲಿ ನಿಲ್ಲಿಸಿ ಇಡುತ್ತಿದ್ದರು. ತೇವದ ಹವೆಯಲ್ಲಿ ಚರ್ಮಕ್ಕೆ ಅದೊಂದು ಒಳ್ಳೆಯ ರಕ್ಷಣೆ.

ಯಹೂದಿಗಳ ಪಂಚಾಂಗವೂ ನಮ್ಮ ಮಕ್ಕಳಿಗೆ ತೀರ ಹೊಸದೆನ್ನಿಸಲಾರದು. ಅವರ ತಿಂಗಳು ಚಂದ್ರನದು, 29 ಅಥವಾ 30 ದಿನ. ಅಂಥ 12 ತಿಂಗಳು ಕೂಡಿದರೆ 354 ದಿನ ಮಾತ್ರ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹೀಗೇ ಬಿಟ್ಟರೆ ವಸಂತದ ಹಬ್ಬ ಕೆಲವೇ ವರ್ಷಗಳಲ್ಲಿ ಚಳಿಗಾಲಕ್ಕೆ ಜಾರಿಬಿಡುತ್ತದೆ. ಆದ್ದರಿಂದ 19 ವರ್ಷಗಳಲ್ಲಿ 7 ಸಲ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸುತ್ತಾರೆ. ನಮ್ಮ ಅಧಿಕಮಾಸದ ಉದ್ದೇಶವೂ ಇದೇ, ಲೆಕ್ಕ ಹಾಕುವ ಬಗೆ ಮಾತ್ರ ಬೇರೆ. 19 ಸೌರವರ್ಷಗಳಿಗೂ 235 ಚಾಂದ್ರಮಾಸಗಳಿಗೂ ಇರುವ ವ್ಯತ್ಯಾಸ ಸುಮಾರು ಎರಡು ಗಂಟೆ ಮಾತ್ರ. ಹೈಸ್ಕೂಲಿನ ವಿದ್ಯಾರ್ಥಿಗಳು 19ನ್ನು 365.2422ರಿಂದಲೂ, 235ನ್ನು 29.5306ರಿಂದಲೂ ಗುಣಿಸಿ ಇದನ್ನು ತಾವೇ ಪರೀಕ್ಷಿಸಬಹುದು. ಪಾಸ್‌ಓವರ್ ಹಬ್ಬ ವಸಂತದ ಹುಣ್ಣಿಮೆಗೆ ಬರುತ್ತದೆ, ಸುಕ್ಕೋತ್ ಹಬ್ಬ ಶರತ್ಕಾಲದ ಹುಣ್ಣಿಮೆಗೆ. ಸುಕ್ಕೋತ್‌ಗೆ ಎಲೆ ಗರಿಗಳ ಚಪ್ಪರ ಹಾಕಿ ಅದರಡಿಯಲ್ಲಿ ಊಟ ಮಾಡುವುದು ಪದ್ಧತಿ. ಕೇರಳದಲ್ಲಿ ಚಪ್ಪರಕ್ಕೆ ತೆಂಗಿನ ಗರಿ ಇದ್ದೇ ಇತ್ತು.

ಅಡುಗೆಮನೆಯ ಕಥೆ ಇನ್ನೂ ಸ್ವಾರಸ್ಯ. ಮಾಂಸವನ್ನೂ ಹಾಲನ್ನೂ ಕೂಡಿಸಿ ಉಣ್ಣಬಾರದು ಎಂಬುದು ಯಹೂದಿಗಳ ಕಟ್ಟಳೆ. ಬೇರೆ ನಾಡಿನ ಗೃಹಿಣಿಯರಿಗೆ ಸಾರು ಗಟ್ಟಿ ಮಾಡಲು ಇದೊಂದು ತೊಡಕು. ಕೇರಳದ ಗೃಹಿಣಿಗೆ ಆ ತೊಡಕೇ ಇಲ್ಲ. ತೆಂಗಿನಹಾಲು ಹೆಸರಿಗೆ ಹಾಲು, ನಿಜದಲ್ಲಿ ಕಾಯಿಯ ರಸ. ಅದನ್ನು ಕೋಳಿಯ ಸಾರಿಗೂ ಹಾಕಬಹುದು, ಮೀನಿಗೂ ಹಾಕಬಹುದು. ಹಳೆಯ ಕಟ್ಟಳೆಯೂ ಹೊಸ ನೆಲವೂ ಒಂದು ಪಾತ್ರೆಯಲ್ಲಿ ಹೀಗೆ ಹೊಂದಿಕೊಂಡವು. ಮದುವೆಯಲ್ಲಿ ವಧುವಿಗೆ ತಾಳಿ ಕಟ್ಟುವ ಪದ್ಧತಿಯೂ ಇವರಲ್ಲಿ ಸೇರಿಕೊಂಡಿತು.

ಗಂಡಸರ ಪ್ರಾರ್ಥನೆ ಹೀಬ್ರೂ ಭಾಷೆಯಲ್ಲಿ. ಹೆಂಗಸರಿಗೆ ತಮ್ಮದೇ ಆದ ಮಲಯಾಳ ಹಾಡುಗಳಿದ್ದವು. ಮದುವೆಗೆ, ಹಬ್ಬಕ್ಕೆ, ಹೊಸ ಸಿನಗಾಗ್ ಕಟ್ಟಿದ ನೆನಪಿಗೆ, ಧರ್ಮಗ್ರಂಥದ ಕಥೆಗಳಿಗೆ ನೂರಾರು ಹಾಡುಗಳು. ಅವುಗಳನ್ನು ನೋಟ್‌ಬುಕ್ಕುಗಳಲ್ಲಿ ಕೈಯಾರೆ ಬರೆದು ತಾಯಿ ಮಗಳಿಗೆ, ಅಜ್ಜಿ ಮೊಮ್ಮಗಳಿಗೆ ಕೊಡುತ್ತಿದ್ದರು. ಬೇರೆ ಕೆಲವು ದೇಶಗಳ ಸಂಪ್ರದಾಯಸ್ಥ ಯಹೂದಿಗಳಲ್ಲಿ ಹೆಂಗಸರು ಗಂಡಸರ ಎದುರು ಹಾಡುವುದು ನಿಷಿದ್ಧ. ಇಲ್ಲಿ ಆ ನಿಷೇಧ ಇರಲಿಲ್ಲ. ನಮ್ಮ ಸೋಬಾನೆ ಪದಗಳ ಹಾಗೆ ಈ ಹಾಡುಗಳೂ ಮನೆಯ ಹೆಂಗಸರ ಸೊತ್ತು. ವಿದ್ವಾಂಸರು ಇಂಥ ನೋಟ್‌ಬುಕ್ಕುಗಳನ್ನು ಹುಡುಕಿ ಸಂಗ್ರಹಿಸದೇ ಹೋಗಿದ್ದರೆ ಬಹುಪಾಲು ಹಾಡುಗಳು ಆ ಅಜ್ಜಿಯಂದಿರೊಡನೆಯೇ ಹೋಗಿಬಿಡುತ್ತಿದ್ದವು.

ಮೆಣಸಿನ ದಾರಿಯಲ್ಲಿ ಬಂದವರು

ಇಷ್ಟಕ್ಕೂ ಇವರು ಇಲ್ಲಿಗೆ ಬಂದದ್ದು ಹೇಗೆ? ಉತ್ತರ ಪರವೂರಿನ ಹತ್ತಿರದಲ್ಲೇ ಇದೆ. ಕೆಲವೇ ಕಿಲೋಮೀಟರ್ ದೂರದ ಪಟ್ಟಣಂ ಎಂಬ ಹಳ್ಳಿಯಲ್ಲಿ 2007ರಿಂದ ನಡೆದ ಉತ್ಖನನದಲ್ಲಿ ರೋಮನ್ ಕಾಲದ ಮದ್ಯದ ಜಾಡಿಗಳ ಚೂರುಗಳು ರಾಶಿಯಾಗಿ ಸಿಕ್ಕಿವೆ. ಪ್ರಾಚೀನ ಗ್ರೀಕ್ ಮತ್ತು ರೋಮನ್ ಲೇಖಕರು ಬಣ್ಣಿಸಿದ ಮುಜಿರಿಸ್ ಬಂದರು ಈ ಆಸುಪಾಸಿನಲ್ಲೇ ಇದ್ದಿರಬೇಕು ಎಂಬ ವಾದಕ್ಕೆ ಅದರಿಂದ ಬಲ ಬಂತು. ನೈಋತ್ಯ ಮಾರುತದ ಬೆನ್ನು ಹತ್ತಿ ಹಡಗುಗಳು ಬರುತ್ತಿದ್ದವು, ಕಾಳುಮೆಣಸು ತುಂಬಿಕೊಂಡು ಈಶಾನ್ಯ ಮಾರುತದೊಡನೆ ಮರಳುತ್ತಿದ್ದವು. ಸೊಲೊಮನ್ ದೊರೆಯ ಕಾಲದಲ್ಲೇ ಬಂದೆವು, ಜೆರುಸಲೇಮಿನ ದೇವಾಲಯ ನಾಶವಾದ ಮೇಲೆ ಬಂದೆವು ಎಂಬ ಐತಿಹ್ಯಗಳು ಸಮುದಾಯದಲ್ಲಿವೆ. ಐತಿಹ್ಯ ಬೇರೆ, ದಾಖಲೆ ಬೇರೆ.

ದಾಖಲೆ ಸಿಗುವುದು ಸುಮಾರು ಕ್ರಿ.ಶ. 1000ದ ಹೊತ್ತಿಗೆ. ಚೇರ ದೊರೆ ಭಾಸ್ಕರ ರವಿ ಯಹೂದಿ ವರ್ತಕ ಜೋಸೆಫ್ ರಬ್ಬಾನನಿಗೆ ತಾಮ್ರ ಶಾಸನವೊಂದನ್ನು ಬರೆಸಿಕೊಟ್ಟ. ಲಿಪಿ ವಟ್ಟೆಳುತ್ತು, ಭಾಷೆ ಹಳೆಯ ಮಲಯಾಳ. ಸುಂಕದ ವಿನಾಯಿತಿ, ಹಗಲು ದೀಪ, ಪಲ್ಲಕ್ಕಿ, ಕೊಡೆ, ಡೋಲು, ಕಹಳೆ ಮೊದಲಾಗಿ 72 ಹಕ್ಕುಗಳನ್ನು ಅವನಿಗೂ ಅವನ ಸಂತತಿಗೂ ಕೊಡಲಾಗಿದೆ. ಇದು ಪರದೇಶದ ವರ್ತಕನಿಗೆ ಅಪರೂಪದ ಗೌರವ. ನಮ್ಮ ಶಾಸನಗಳ ‘ಆಚಂದ್ರಾರ್ಕ’ ಎಂಬ ಮಾತಿನಂತೆ, ಲೋಕವೂ ಚಂದ್ರನೂ ಇರುವ ತನಕ ಈ ಹಕ್ಕು ನಡೆಯಲಿ ಎಂಬ ಮಾತು ಅದರಲ್ಲೂ ಇದೆ. ಈ ಶಾಸನದ ಪ್ರತಿಕೃತಿಯನ್ನು 2017ರಲ್ಲಿ ಭಾರತದ ಪ್ರಧಾನಿ ಇಸ್ರೇಲಿನ ಪ್ರಧಾನಿಗೆ ಉಡುಗೊರೆಯಾಗಿ ಕೊಟ್ಟರು.

ಪೆರಿಯಾರ್ ನದಿಯಲ್ಲಿ 1341ರಲ್ಲಿ ಬಂದ ಮಹಾಪ್ರವಾಹ ಹಳೆಯ ಬಂದರಿನ ಬಾಯಲ್ಲಿ ಹೂಳು ತುಂಬಿ, ದಕ್ಷಿಣದಲ್ಲಿ ಕೊಚ್ಚಿಯ ಅಳಿವೆಯನ್ನು ಅಗಲ ಮಾಡಿತೆಂದು ಇತಿಹಾಸಕಾರರು ಹೇಳುತ್ತಾರೆ. ವ್ಯಾಪಾರ ಕೊಚ್ಚಿಗೆ ಹೋಯಿತು, ವ್ಯಾಪಾರಿಗಳೂ ಹೋದರು. ಹದಿನಾರನೆಯ ಶತಮಾನದಲ್ಲಿ ಸ್ಪೇನ್, ಪೋರ್ಚುಗಲ್ ಕಡೆಗಳಲ್ಲಿ ಕಿರುಕುಳಕ್ಕೆ ಸಿಕ್ಕಿ ದೇಶ ಬಿಟ್ಟ ಯಹೂದಿಗಳೂ, ಪಶ್ಚಿಮ ಏಷ್ಯಾದಿಂದ ಬಂದವರೂ ಅಲ್ಲಿಗೆ ಸೇರಿದರು. ಕೊಚ್ಚಿಯ ಅರಸರು ತಮ್ಮ ಮಟ್ಟಾಂಚೇರಿ ಅರಮನೆಯ ಪಕ್ಕದಲ್ಲೇ ಜಾಗ ಕೊಟ್ಟರು. ಅಲ್ಲಿ 1568ರಲ್ಲಿ ಎದ್ದದ್ದೇ ಪ್ರಸಿದ್ಧವಾದ ಪರದೇಶಿ ಸಿನಗಾಗ್. ಚೀನಾದಿಂದ ತರಿಸಿದ ನೀಲಿ ಚಿತ್ರದ ನೆಲದ ಬಿಲ್ಲೆಗಳು, ಗಾಜಿನ ತೂಗುದೀಪಗಳು, ಮಲಯಾಳ, ರೋಮನ್ ಮತ್ತು ಹೀಬ್ರೂ ಅಂಕಿಗಳ ಮುಖಗಳಿರುವ ಗಡಿಯಾರ ಗೋಪುರ, ಇವುಗಳನ್ನು ನೋಡಲು ಪ್ರವಾಸಿಗರು ಇಂದಿಗೂ ಸಾಲುಗಟ್ಟುತ್ತಾರೆ.

ಒಳಗಿನ ಗೋಡೆಗಳು

ಆದರೆ ಪರದೇಶಿಗಳದು ಒಂದೇ ಸಿನಗಾಗ್. ಇಪ್ಪತ್ತನೆಯ ಶತಮಾನದಲ್ಲಿ ಕೇರಳದ ಯಹೂದಿಗಳಿಗೆ ಎಂಟು ಸಿನಗಾಗ್‌ಗಳಿದ್ದವು. ಮಟ್ಟಾಂಚೇರಿಯಲ್ಲಿ ಮೂರು, ಎರ್ನಾಕುಲಂನಲ್ಲಿ ಎರಡು, ಪರವೂರು, ಚೇಂದಮಂಗಲಂ ಮತ್ತು ಮಾಳದಲ್ಲಿ ಒಂದೊಂದು. ಎಂಟರಲ್ಲಿ ಏಳು, ಬಹುಸಂಖ್ಯಾತರೂ ಹೆಚ್ಚು ಹಳಬರೂ ಆದ ಮಲಬಾರಿ ಯಹೂದಿಗಳವು. ಪರದೇಶಿಗಳು ತಮ್ಮನ್ನು ‘ಬಿಳಿಯ’ರೆಂದು ಕರೆದುಕೊಂಡು ಮಲಬಾರಿಗಳನ್ನು ‘ಕರಿಯ’ರೆಂದು ದೂರವಿಟ್ಟರು. ಅವರೊಡನೆ ಮದುವೆ ಸಂಬಂಧವಿರಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಯಹೂದಿ ಧರ್ಮ ಸೇರಿದವರ ವಂಶಸ್ಥರ ಸ್ಥಿತಿ ಇನ್ನೂ ಕಷ್ಟ. ಪರದೇಶಿ ಸಿನಗಾಗ್‌ನಲ್ಲಿ ಅವರಿಗೆ ಒಳಗಿನ ಪೀಠಗಳಲ್ಲಿ ಕೂರುವ ಹಕ್ಕಿಲ್ಲ, ತೋರಾ ಓದುವ ಹಕ್ಕಿಲ್ಲ. ಮುಖಮಂಟಪದಲ್ಲೋ ನೆಲದ ಮೇಲೋ ಕೂರಬೇಕು. ದೇವರು ಒಬ್ಬನೇ ಎಂದು ದಿನವೂ ಹೇಳುವವರ ಮನೆಯಲ್ಲೇ ಜಾತಿ ಹೀಗೆ ಬಂದು ಕುಳಿತಿತ್ತು.

ಅಂಥ ಒಂದು ಕುಟುಂಬದಲ್ಲಿ 1882ರಲ್ಲಿ ಹುಟ್ಟಿದವರು ಎ. ಬಿ. ಸೇಲಂ. ಓದಿ ವಕೀಲರಾದರು, ಕೊಚ್ಚಿಯ ಶಾಸನ ಪರಿಷತ್ತಿನ ಸದಸ್ಯರಾದರು, 1929ರ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿಬಂದರು. ಗಾಂಧೀಜಿಯಿಂದ ಕಲಿತ ಸತ್ಯಾಗ್ರಹವನ್ನು ತಮ್ಮ ಸಿನಗಾಗ್‌ನೊಳಗೇ ಮಾಡಿದರು. ಕೂರಬಾರದೆಂದ ಕಡೆ ಕುಳಿತರು. ವರ್ಷಗಟ್ಟಲೆ ನಡೆದ ಹೋರಾಟದಿಂದ ಕಟ್ಟುಪಾಡುಗಳು ಒಂದೊಂದಾಗಿ ಸಡಿಲವಾದವು. ಜನ ಅವರನ್ನು ‘ಯಹೂದಿ ಗಾಂಧಿ’ ಎಂದು ಕರೆದರು. 1967ರಲ್ಲಿ ತೀರಿಕೊಳ್ಳುವ ತನಕ ಅವರ ಬದುಕು ಕೊಚ್ಚಿಯಲ್ಲೇ.

ಯಹೂದಿಗಳು ಯೂರೋಪಿನಲ್ಲಿ ಶತಮಾನಗಳ ಕಾಲ ಪಟ್ಟ ಹಿಂಸೆಯನ್ನು ಭಾರತದ ನೆರೆಹೊರೆಯವರಿಂದ ಪಡಲಿಲ್ಲ. ಇದು ನಾವು ಹೆಮ್ಮೆಪಡಬೇಕಾದ ಸಂಗತಿ. ಹೊರಗಿನಿಂದ ಬಂದವರಿಗೆ ಜಾಗ ಕೊಟ್ಟ ಇದೇ ನೆಲ ಅವರಿಗೆ ಪಂಕ್ತಿಭೇದವನ್ನೂ ಕಲಿಸಿತು ಎಂಬುದು ಅದರ ಪಕ್ಕದಲ್ಲೇ ನೆನಪಿಡಬೇಕಾದ ಇನ್ನೊಂದು ಸಂಗತಿ. ಮಕ್ಕಳನ್ನು ಇಲ್ಲಿಗೆ ಕರೆದೊಯ್ಯುವ ತಂದೆ ತಾಯಂದಿರು ಎರಡನ್ನೂ ಹೇಳಿದರೆ ಮಾತ್ರ ಈ ಪಾಠ ಪೂರ್ತಿಯಾಗುತ್ತದೆ.

ಹೊರಟವರು

ಇಸ್ರೇಲ್ ದೇಶ 1948ರಲ್ಲಿ ಹುಟ್ಟಿದಾಗ ಕೊಚ್ಚಿ ಸೀಮೆಯಲ್ಲಿ ಇದ್ದ ಯಹೂದಿಗಳು ಸುಮಾರು 2,500 ಮಂದಿ. ಯಾರೂ ಅವರನ್ನು ಹೋಗೆನ್ನಲಿಲ್ಲ. ದಿನವೂ ಪಶ್ಚಿಮಕ್ಕೆ ತಿರುಗಿ ಪ್ರಾರ್ಥಿಸಿದವರಿಗೆ ಆ ದಿಕ್ಕಿನಿಂದ ಕರೆ ಬಂದಂತೆ ಅನ್ನಿಸಿತು. ವ್ಯಾಪಾರವೂ ಹಿಂದಿನಂತಿರಲಿಲ್ಲ. ಹೊರಡಲು ಸಿದ್ಧರಾದ ಮೇಲೆ ಒಂದು ಅಡ್ಡಿ ಎದುರಾಯಿತು, ಆನೆಕಾಲು ರೋಗ. ಕೊಚ್ಚಿಯ ಈ ವ್ಯಾಧಿ ತಮ್ಮಲ್ಲಿ ಹರಡೀತು ಎಂದು ಇಸ್ರೇಲಿನ ಆರೋಗ್ಯಾಧಿಕಾರಿಗಳು ಹೆದರಿದರು. ಆನೆಕಾಲು ಮುಟ್ಟಿದರೆ ಅಂಟುವ ರೋಗವಲ್ಲ. ರೋಗಿಯ ರಕ್ತದಲ್ಲಿರುವ ಹುಳುವಿನ ಮರಿಗಳು ಸೊಳ್ಳೆಯ ಹೊಟ್ಟೆ ಸೇರಿ, ಅಲ್ಲಿ ಬೆಳೆದು, ಆ ಸೊಳ್ಳೆ ಇನ್ನೊಬ್ಬರನ್ನು ಕಚ್ಚಿದರೆ ಮಾತ್ರ ದಾಟುತ್ತವೆ. ಆದರೂ ಭಯದಿಂದ ವಲಸೆ ಕೆಲಕಾಲ ತಡವಾಯಿತು. ಸೇಲಂ 1953ರಲ್ಲಿ ಇಸ್ರೇಲಿಗೆ ಹೋಗಿ ತಮ್ಮವರ ಪರವಾಗಿ ಮಾತಾಡಿಬಂದರು.

1950ರ ದಶಕದ ಮಧ್ಯಭಾಗದಲ್ಲಿ ಮಲಬಾರಿ ಯಹೂದಿಗಳು ಕುಟುಂಬ ಕುಟುಂಬವಾಗಿ ಹೊರಟರು. ಹಿನ್ನೀರಿನ ಅಂಚಿನಲ್ಲಿ ಬೆಳೆದವರು ನೇಗೆವ್ ಮರುಭೂಮಿಯ ನೆವಾಟಿಮ್, ಜೆರುಸಲೇಮಿನ ಬಳಿಯ ಮೆಸಿಲತ್ ಸಿಯೋನ್ ಮೊದಲಾದ ಹಳ್ಳಿಗಳಲ್ಲಿ ಬೇಸಾಯಕ್ಕೆ ಇಳಿದರು. ಮೀನು, ಮೆಣಸು, ಸಣ್ಣ ಅಂಗಡಿಗಳ ಲೆಕ್ಕ ಬಲ್ಲವರು ಹೂವಿನ ಸಸಿಗೆ ಅಳೆದು ನೀರು ಬಿಡಲು ಕಲಿತರು. ನೆವಾಟಿಮ್‌ನಲ್ಲಿ ಇಂದು ಕೊಚ್ಚಿ ಯಹೂದಿಗಳದೇ ಒಂದು ಪರಂಪರಾ ಕೇಂದ್ರವಿದೆ.

ಬಿಟ್ಟುಹೋದ ಮನೆಗಳ ಗತಿ ಒಂದೊಂದೂ ಒಂದೊಂದು ಬಗೆ. ಮಾಳದವರು ಹೊರಡುವಾಗ 1955ರಲ್ಲಿ ತಮ್ಮ ಸಿನಗಾಗನ್ನು ಊರ ಪಂಚಾಯಿತಿಗೆ ಒಪ್ಪಿಸಿದರು. ಮಟ್ಟಾಂಚೇರಿಯ ಒಂದು ಸಿನಗಾಗ್ ನೆಲಸಮವಾಯಿತು. ಎರ್ನಾಕುಲಂನ ಒಂದರ ಮುಂಭಾಗದಲ್ಲಿ ಬಣ್ಣದ ಮೀನು, ಹೂವಿನ ಗಿಡಗಳ ಅಂಗಡಿ ಬಂತು. ಆ ಅಂಗಡಿಯಿಂದಾಗಿಯೇ ಕಟ್ಟಡಕ್ಕೆ ದಿನನಿತ್ಯ ಗಾಳಿ ಬೆಳಕು ದೊರೆತು ಅದು ಉಳಿಯಿತು. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ನ ಕೆತ್ತನೆಯ ಒಳಮಾಡು, ಮರಗೆಲಸವನ್ನೆಲ್ಲ ಬಿಚ್ಚಿ ಹಡಗಿಗೆ ಹಾಕಿ ಸಾಗಿಸಿದರು. ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ 1995ರಿಂದ ಅದು ಪ್ರದರ್ಶನಕ್ಕಿದೆ. ಇಲ್ಲಿ ಉಳಿದಿದ್ದ ಬೋಳು ಗೋಡೆಗಳ ದೊಡ್ಡ ಭಾಗ 2019ರ ಮಳೆಯಲ್ಲಿ ಕುಸಿದುಬಿತ್ತು. ಅದೇ ಮ್ಯೂಸಿಯಂನಲ್ಲಿ ಆ ಮರದ ಮಾಡಿನ ಕೆಳಗೆ ನಿಂತಿರುವ ತೋರಾದ ಕಪಾಟು ಪರವೂರಿನದು. ಪರವೂರಿನಲ್ಲಿ ಇಂದು ಕಾಣುವುದು ಅದನ್ನು ನೋಡಿ ಮಾಡಿದ ಹೊಸ ಕಪಾಟು.

ಮೂಲವಸ್ತು ಎಲ್ಲಿರಬೇಕು? ಅದನ್ನು ಮಾಡಿದ ಬಡಗಿಗಳ ಊರಿನಲ್ಲೋ, ಅದರ ಮುಂದೆ ನಿಂತು ಪ್ರಾರ್ಥಿಸಿದವರ ಮೊಮ್ಮಕ್ಕಳಿರುವ ದೇಶದಲ್ಲೋ? ಶಾಲೆಯ ಚರ್ಚಾಸ್ಪರ್ಧೆಗೆ ಇಡಬಹುದಾದ ಪ್ರಶ್ನೆ ಇದು. ಎರಡೂ ಕಡೆ ನ್ಯಾಯವಿದೆ.

ಸಾರಾಳ ಕಲ್ಲು, ಮಂಗಳೂರಿನ ಬೊಮ್ಮ

ಪರವೂರಿನಿಂದ ಸ್ವಲ್ಪ ದೂರದ ಚೇಂದಮಂಗಲಂ ಕೈಮಗ್ಗಕ್ಕೆ ಹೆಸರಾದ ಊರು. ಅಲ್ಲಿನ ಕೋಟ್ಟಯಿಲ್ ಕೋವಿಲಕಂ ಗುಡ್ಡದ ಆಸುಪಾಸಿನಲ್ಲಿ ದೇವಸ್ಥಾನ, ಇಗರ್ಜಿ, ಮಸೀದಿ, ಸಿನಗಾಗ್ ನಾಲ್ಕೂ ಇವೆ. ಅಲ್ಲಿನ ಸಿನಗಾಗ್ ಕೂಡ ಈಗ ವಸ್ತುಸಂಗ್ರಹಾಲಯ. ಅದರ ಮುಂದೆ ಒಂದು ಸಮಾಧಿಯ ಕಲ್ಲು ನಿಲ್ಲಿಸಿದ್ದಾರೆ. ಹೀಬ್ರೂ ಅಕ್ಷರಗಳಲ್ಲಿ ‘ಇಸ್ರೇಲನ ಮಗಳು ಸಾರಾ’ ಎಂಬ ಹೆಸರಿದೆ. ಕಾಲ 1269. ಭಾರತದಲ್ಲಿ ದೊರೆತಿರುವ ಅತ್ಯಂತ ಹಳೆಯ ಹೀಬ್ರೂ ಶಿಲಾಬರಹ ಎಂದು ಅದನ್ನು ಗುರುತಿಸುತ್ತಾರೆ. ತಾಮ್ರಪಟದಲ್ಲಿ ಅರಸನೂ ವರ್ತಕನೂ ಇದ್ದಾರೆ. ಈ ಕಲ್ಲಿನ ಮೇಲೆ ಇರುವುದು ಒಬ್ಬ ಹೆಣ್ಣುಮಗಳ ಹೆಸರು ಮಾತ್ರ. ಏಳೂವರೆ ಶತಮಾನದ ಮಳೆಗೂ ಅದು ಅಳಿಸಿಲ್ಲ.

ಕಲ್ಲಿನ ಬರಹ ಉಳಿಯುವುದು ಸಹಜ. ಕಾಗದ ಉಳಿದದ್ದು ಪವಾಡ. ದೇವರ ಹೆಸರಿರಬಹುದಾದ ಯಾವ ಬರಹವನ್ನೂ ಯಹೂದಿಗಳು ಎಸೆಯುವಂತಿಲ್ಲ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮ ಮಕ್ಕಳಿಗೆ ಈ ಭಾವನೆ ಅರ್ಥವಾಗುತ್ತದೆ. ಹಳತಾದ ಹಾಳೆಗಳನ್ನು ಸಿನಗಾಗ್‌ನ ಒಂದು ಕೋಣೆಯಲ್ಲಿ ಹಾಕಿಡುತ್ತಾರೆ. ಅದಕ್ಕೆ ‘ಗೆನೀಜಾ’ ಎನ್ನುತ್ತಾರೆ. ಈಜಿಪ್ಟಿನ ಕೈರೋ ನಗರದ ಹಳೆಯ ಸಿನಗಾಗ್ ಒಂದರ ಗೆನೀಜಾದಲ್ಲಿ ಒಣಹವೆಯ ಕಾರಣದಿಂದ ಲಕ್ಷಾಂತರ ಹಾಳೆಗಳು ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವು ವಿದ್ವಾಂಸರ ಕೈಸೇರಿದವು.

ಆ ಹಾಳೆಗಳಲ್ಲಿ ನಮ್ಮ ಮಂಗಳೂರು ಇತ್ತು! ಟುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಹನ್ನೆರಡನೆಯ ಶತಮಾನದಲ್ಲಿ, 1132ರಿಂದ 1149ರವರೆಗಿನ ಕಾಲದಲ್ಲಿ, ಬಹುತೇಕ ಮಂಗಳೂರಿನಲ್ಲೇ ನೆಲೆಸಿದ್ದ. ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಅಡೆನ್‌ನಿಂದ ಸ್ನೇಹಿತರು ಹಳೆಯ ತಾಮ್ರವನ್ನು ಕಳಿಸಿ ಹೊಸ ಪಾತ್ರೆ ಎರಕ ಹೊಯ್ಯಿಸಿಕೊಳ್ಳುತ್ತಿದ್ದರು. ಅಶು ಎಂಬ ಇಲ್ಲಿನ ಹೆಣ್ಣನ್ನು ಅವನು 1132ರಲ್ಲಿ ದಾಸ್ಯದಿಂದ ಬಿಡಿಸಿದ ಪತ್ರ ಸಿಕ್ಕಿದೆ. ಆಕೆಯನ್ನೇ ಮದುವೆಯಾದನೆಂದು ವಿದ್ವಾಂಸರು ತಿಳಿಯುತ್ತಾರೆ. ಅವನ ಪರವಾಗಿ ವ್ಯಾಪಾರಕ್ಕೆ ಅಡೆನ್‌ಗೆ ಹೋಗಿಬರುತ್ತಿದ್ದ ಆಳಿನ ಹೆಸರನ್ನು ಕಾಗದದಲ್ಲಿ ಬರೆದಿರುವುದು ಬಹುತೇಕ ವ್ಯಂಜನಗಳಲ್ಲೇ. ಆ ಲಿಪಿಯ ರೀತಿಯೇ ಹಾಗೆ. ಅದನ್ನು ‘ಬೊಮ್ಮ’ ಎಂದು ಓದಬಹುದೆಂದು ತಿಳಿದದ್ದು ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ಕನ್ನಡ, ತುಳು ವಿದ್ವಾಂಸ ಬಿ. ಎ. ವಿವೇಕ ರೈ ಮೊದಲಾದವರನ್ನು ಕಂಡ ಮೇಲೆ. ಘೋಷ್ ಈ ಕಥೆಯನ್ನು 1992ರ ತಮ್ಮ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಪುಸ್ತಕದಲ್ಲಿ ಹೇಳಿದ್ದಾರೆ. ತುಳುನಾಡಿನ ಒಬ್ಬ ಆಳಿನ ಹೆಸರು ಎಂಟುನೂರು ವರ್ಷ ಉಳಿದದ್ದು, ಬರೆದದ್ದನ್ನು ಎಸೆಯಬಾರದು ಎಂಬ ಒಂದು ರೂಢಿಯಿಂದ.

ಹತ್ತು ಸಮಸ್ತರು

ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಸಾಂಪ್ರದಾಯಿಕವಾಗಿ ಒಂದು ನಿಯಮವಿದೆ. 13 ವರ್ಷ ದಾಟಿದ ಹತ್ತು ಮಂದಿ ಗಂಡಸರು ಸೇರಿರಬೇಕು. ಒಂಬತ್ತು ಪಂಡಿತರು ಬಂದರೂ ಸಾಲದು, ಹತ್ತು ಜನ ಸಾಮಾನ್ಯರು ಬಂದರೆ ಸಾಕು. ನಮ್ಮ ಕರಾವಳಿಯಲ್ಲಿ ಊರ ಕಾರ್ಯಕ್ಕೆ ‘ಹತ್ತು ಸಮಸ್ತರು’ ಸೇರಬೇಕು ಎನ್ನುತ್ತಾರಲ್ಲ, ಹಾಗೆ. ಕೇರಳದಲ್ಲಿ ಈಗ ಉಳಿದಿರುವ ಯಹೂದಿಗಳು ಬೆರಳೆಣಿಕೆಯಷ್ಟು. ಹೊರಗಿನಿಂದ ಪ್ರವಾಸಿಗರು ಬಂದಾಗ ಎಣಿಕೆ ತುಂಬಿದರೆ ಪ್ರಾರ್ಥನೆ, ಇಲ್ಲದಿದ್ದರೆ ಇಲ್ಲ.

ಪರವೂರಿನಲ್ಲಿ ಮಾಡು ಸೋರುವುದಿಲ್ಲ, ಗೋಡೆಗೆ ಹೊಸ ಸುಣ್ಣ, ಕಟಾಂಜನಕ್ಕೆ ಹೊಸ ಹೊಳಪು. ಫಲಕಗಳು, ಚಿತ್ರಗಳು ಅಚ್ಚುಕಟ್ಟಾಗಿವೆ. ದಿನಕ್ಕೆ ಎಷ್ಟೋ ಮಂದಿ ಬರುತ್ತಾರೆ. ಆದರೆ ಆ ಹತ್ತು ಮಂದಿ ಇಲ್ಲ. ಲೋಕವೂ ಚಂದ್ರನೂ ಇರುವ ತನಕ ಎಂದು ಬರೆದುಕೊಟ್ಟ ತಾಮ್ರಪಟ ಉಳಿದಿದೆ, ಅದನ್ನು ಅನುಭವಿಸಬೇಕಾದ ಸಂತತಿ ಸಮುದ್ರ ದಾಟಿದೆ. ಸರ್ಕಾರ ಕಟ್ಟಡ ಉಳಿಸಬಲ್ಲದು. ಅದರಲ್ಲಿ ಹಾಡುವ ಅಜ್ಜಿಯನ್ನು, ಹಬ್ಬದ ದಿನ ಮೆಟ್ಟಿಲಲ್ಲಿ ಓಡುವ ಮಗುವನ್ನು ದುರಸ್ತಿ ಮಾಡಿ ತರಲಾರದು.

ಇದನ್ನು ನೋಡಿಬಂದ ವಿದ್ಯಾರ್ಥಿಗಳು ತಮ್ಮ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಅಜ್ಜಿಗೆ ಬರುವ ಹಾಡುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಪರವೂರಿನ ಹೆಂಗಸರು ಮಾಡಿದ್ದು ಅಷ್ಟೇ. ಅವರ ಹಾಡು ಇಂದು ಕೇಳಸಿಗುವುದು ಅದರಿಂದಲೇ.

ಹೋಗುವವರಿಗೆ

ಬೆಂಗಳೂರು ಮತ್ತು ಮಂಗಳೂರಿನಿಂದ ಎರ್ನಾಕುಲಂಗೆ ನೇರ ರೈಲುಗಳಿವೆ. ಎರ್ನಾಕುಲಂ ಅಥವಾ ಆಲುವಾದಲ್ಲಿ ಇಳಿದು ಬಸ್ಸಿನಲ್ಲಿ ಉತ್ತರ ಪರವೂರಿಗೆ ಹೋಗಬಹುದು. ಅಲ್ಲಿಂದ ಚೇಂದಮಂಗಲಂಗೆ ಆಟೋ ಸಿಗುತ್ತದೆ. ಈ ಎರಡು ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಮಟ್ಟಾಂಚೇರಿಯ ಪರದೇಶಿ ಸಿನಗಾಗ್‌ಗೆ ಶುಕ್ರವಾರ ಮಧ್ಯಾಹ್ನದ ನಂತರ ಮತ್ತು ಶನಿವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ. ಮೂರನ್ನೂ ಸಾವಕಾಶವಾಗಿ ನೋಡಲು ಎರಡು ದಿನ ಬೇಕು. ಮಳೆಗಾಲ ಕಳೆದ ಮೇಲೆ ಹೋಗುವುದು ಒಳ್ಳೆಯದು.